ನಂಬರು ಒಂದನ್ನೇ ನಂಬಿ ಥಂಡಿ ಬೂಟು ಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ತುಳಸಿ ಲಗ್ನ ಮುಗಿಯುತ್ತಿದ್ದಂತೆ ಹುಬ್ಬಳ್ಳಿಯ ದುರ್ಗದಬೈಲ್, ಬ್ರಾಡ್‌ವೇ, ಧಾರವಾಡದ ಸುಭಾಷ ರಸ್ತೆಯ ಅಂಗಡಿಗಳಲ್ಲಿ ಹೆಣ್ಣುಮಕ್ಕಳ ಥಂಡಿ ಬೂಟುಗಳು ಮುಂದಿನ ಸಾಲಿಗೆ ಬರುತ್ತವೆ. ಲೇಸು, ಬಕಲು ಏನೂ ಇಲ್ಲದೆ ಕಾಲು ತೂರಿಸಿದರೆ ಆಯಿತು ಎನ್ನುವಂಥವೇ ಹೆಚ್ಚು. ಕೊಳ್ಳುವಾಗಿನ ಮಾತೂ ಅಷ್ಟೇ ಚುಟುಕು. 'ಎಷ್ಟು ನಂಬರ್‍ರೀ?' 'ಐದು.' ಡಬ್ಬಿ ಬರುತ್ತದೆ, ಕುಂತಲ್ಲೇ ಕಾಲು ಹಾಕಿ ನೋಡುತ್ತಾರೆ, ದುಡ್ಡು ಕೊಟ್ಟು ಹೋಗುತ್ತಾರೆ. ಹದಿನೈದು ದಿನದೊಳಗೆ ಕಿರುಬೆರಳಿನ ಮೇಲೆ ಗುಳ್ಳೆ ಏಳುತ್ತದೆ, ಇಲ್ಲವೇ ಹೆಜ್ಜೆ ಎತ್ತಿದಾಗಲೆಲ್ಲ ಹಿಮ್ಮಡಿ ಬೂಟಿನಿಂದ ಎದ್ದು ಬರುತ್ತದೆ. ಬೂಟು ಮೂಲೆ ಸೇರುತ್ತದೆ, ಕಾಲು ಮತ್ತೆ ಹವಾಯಿ ಚಪ್ಪಲಿಗೆ ಮರಳುತ್ತದೆ. ಪಾದರಕ್ಷೆ ಹೊಲಿಯುವ, ಮಾರುವ, ರಿಪೇರಿ ಮಾಡುವ ಕೆಲಸದಲ್ಲಿರುವ ನಾವು ಇದನ್ನು ವಿವರವಾಗಿ ಬರೆಯುವುದು ಅಗತ್ಯ ಎಂದುಕೊಂಡಿದ್ದೇವೆ. ಕಾಲಿನ ಉದ್ದವನ್ನಷ್ಟೇ ಹೇಳುವ ಒಂದು ನಂಬರಿನ ಮೇಲೆ ಎಲ್ಲ ಭಾರ ಹಾಕುವುದರಿಂದಲೇ ಈ ತೊಂದರೆಯ ಬಹುಪಾಲು ಹುಟ್ಟುತ್ತದೆ. ಅಂಗಡಿಯಲ್ಲಿ ಹತ್ತು ನಿಮಿಷ ಹೆಚ್ಚು ಕಳೆದರೆ ಅದನ್ನು ತಪ್ಪಿಸಬಹುದು.

ಲೇಸಿಲ್ಲದ ಬೂಟು ನಮ್ಮ ಭಾಗಕ್ಕೆ ಸರಿಯಾದ ಆಯ್ಕೆಯೇ. ಇಲ್ಲಿನದು ನಸುಕಿನ ಥಂಡಿ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ 12ರಿಂದ 15 ಡಿಗ್ರಿಗೆ ಇಳಿದ ಉಷ್ಣಾಂಶ ಮಧ್ಯಾಹ್ನ 28-30ಕ್ಕೆ ಏರುತ್ತದೆ. ಉಣಕಲ್ ಕೆರೆಯ ದಂಡೆಗೋ ಕರ್ನಾಟಕ ಕಾಲೇಜಿನ ಮೈದಾನಕ್ಕೋ ವಾಕಿಂಗ್ ಹೋಗುವವರಿಗೆ, ಬೆಳಗಿನ ಪಾಳಿಯ ಶಿಕ್ಷಕಿಯರಿಗೆ, ನರ್ಸುಗಳಿಗೆ, ಮನೆಯ ಪರಸಿ ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಲಾಗದ ಹಿರಿಯರಿಗೆ ಆ ಮೂರು ತಾಸು ಕಾಲು ಬೆಚ್ಚಗಿದ್ದರೆ ಸಾಕು. ಮೇಲಾಗಿ ಮನೆಯ ಹೊಸ್ತಿಲು, ಗುಡಿ, ಮಠ, ಅಂಗನವಾಡಿ, ಆಸ್ಪತ್ರೆಯ ವಾರ್ಡು ಎಂದು ದಿನಕ್ಕೆ ಹತ್ತಾರು ಸಲ ಕಳಚಿ ಹಾಕುವುದು ಇದ್ದೇ ಇದೆ. ಸೀರೆಯ ನಿರಿಗೆ ಹಿಡಿದು ಬಾಗಿ ಪ್ರತಿ ಸಲ ಲೇಸು ಕಟ್ಟು ಎಂದರೆ ಯಾರೂ ಕಟ್ಟುವುದಿಲ್ಲ. ಆದರೆ ಈ ಅನುಕೂಲಕ್ಕೆ ಒಂದು ಬೆಲೆ ತೆರಬೇಕಾಗುತ್ತದೆ. ಲೇಸಿನ ಬೂಟು ಸ್ವಲ್ಪ ಸಡಿಲವಿದ್ದರೆ ಬಿಗಿದುಕೊಳ್ಳಬಹುದು, ಬಿಗಿಯಿದ್ದರೆ ಸಡಿಲಿಸಬಹುದು. ಲೇಸಿಲ್ಲದ ಬೂಟಿನಲ್ಲಿ ಆ ದಾರಿ ಇಲ್ಲ. ಕೊಂಡ ದಿನ ಹೇಗೆ ಕೂತಿತೋ ಹಾಗೆಯೇ, ಮುಂದೆ ಅದಕ್ಕಿಂತ ಸಡಿಲವೇ.

ಇಂಥ ಬೂಟು ಕಾಲನ್ನು ಹಿಡಿಯುವುದು ಮೂರು ಕಡೆ. ಮೊದಲನೆಯದು ಹಿಮ್ಮಡಿ ಕೂರುವ ಹಿಂಬದಿಯ ಗಟ್ಟಿ ಬಟ್ಟಲು. ಎರಡನೆಯದು ಪಾದದ ಮೇಲಿನ ಉಬ್ಬಿಗೆ ತಾಗುವ ಬೂಟಿನ ಬಾಯಿ. ಮೂರನೆಯದು ಹೆಬ್ಬೆರಳು, ಕಿರುಬೆರಳುಗಳ ಬುಡದ ಗೆಣ್ಣಿನ ಸುತ್ತಳತೆ. ಬೆರಳುಗಳು ಹಿಡಿತದ ಜಾಗವಲ್ಲ, ಅವು ಆಡಿಕೊಂಡಿರಬೇಕು. ಬಾಯಿ ಅಗಲವಾಗಿ ತೆರೆದು ಪಾದದ ಉಬ್ಬನ್ನು ಮುಟ್ಟದೇ ಇದ್ದರೆ ಹಿಡಿಯುವ ಕೆಲಸ ಬೆರಳುಗಳ ಮೇಲೆ ಬೀಳುತ್ತದೆ. ಬೂಟು ಜಾರದಂತೆ ಅವು ಪ್ರತಿ ಹೆಜ್ಜೆಗೂ ಕೊಕ್ಕೆಯಂತೆ ಮಡಚುತ್ತವೆ. ಸಂಜೆ ಅಂಗಾಲು, ಮೀನಖಂಡ ಸೇದುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಆದ್ದರಿಂದ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಬಾಯಿ ಪಾದದ ಮೇಲೆ ಎಷ್ಟು ಮೇಲಕ್ಕೆ ಬರುತ್ತದೆ ಎಂಬುದನ್ನು. ಬೆರಳಿನ ಬುಡದವರೆಗಷ್ಟೇ ಮುಚ್ಚುವ ಬೆಲ್ಲಿ ನಮೂನೆಯದು ಥಂಡಿಗೂ ಆಗದು, ನಡಿಗೆಗೂ ಆಗದು. ಉಬ್ಬಿನ ಅರ್ಧದಷ್ಟಾದರೂ ಮುಚ್ಚಿ, ಎರಡೂ ಬದಿಗೆ ಎಲಾಸ್ಟಿಕ್ ಪಟ್ಟಿ ಇರುವುದು ಒಳ್ಳೆಯದು. ಎಲಾಸ್ಟಿಕ್ ಒಂದೇ ಬದಿಗಿದ್ದರೆ ಬೂಟು ಆ ಬದಿಗೇ ವಾಲುತ್ತದೆ.

ಇನ್ನು ಕಾಲಿನ ಮಾತು. ವರ್ಷದ ಹತ್ತು ತಿಂಗಳು ಚಪ್ಪಲಿಯಲ್ಲಿ, ಮನೆಯೊಳಗೆ ಬರಿಗಾಲಲ್ಲಿ ಇರುವ ಪಾದ ಮುಂದೆ ಹರಡಿಕೊಂಡಿರುತ್ತದೆ. ಅದಕ್ಕೆ ಹೋಲಿಸಿದರೆ ಹಿಮ್ಮಡಿ ಕಿರಿದು. ಮಾರುಕಟ್ಟೆಗೆ ಬರುವ ಹೆಚ್ಚಿನ ಬೂಟುಗಳ ಫರ್ಮಾ, ಅಂದರೆ ಬೂಟು ಕಟ್ಟುವ ಅಚ್ಚು, ಹೊರದೇಶದ ಅಳತೆಯ ಮೇಲೆ ನಿಂತದ್ದು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, ಭಾರತೀಯರ ಪಾದ ಯುರೋಪು, ಅಮೆರಿಕದವರ ಪಾದಕ್ಕಿಂತ ಅಗಲ ಎಂದು ಕಂಡುಕೊಂಡಿತು. ಅದರ ಮೇಲೆಯೇ 'ಭಾ' ಎಂಬ ನಮ್ಮದೇ ಅಳತೆ ಕ್ರಮವನ್ನು ಪ್ರಸ್ತಾಪಿಸಲಾಯಿತು. ಕೂಸುಗಳಿಂದ ದೊಡ್ಡವರವರೆಗೆ ಅದರಲ್ಲಿ 8 ಗುಂಪುಗಳು. ಆ ಅಳತೆಯ ಬೂಟು ನಮ್ಮ ಅಂಗಡಿಗಳ ಕಪಾಟು ತುಂಬುವವರೆಗೆ ಹಳೆಯ ನಂಬರಿನೊಂದಿಗೇ ಏಗಬೇಕು. ಹಾಗಾಗಿ ಅದರ ಲೆಕ್ಕ ಗೊತ್ತಿರುವುದು ಒಳ್ಳೆಯದು.

ನಮ್ಮಲ್ಲಿ ಹೆಚ್ಚು ನಡೆಯುವುದು ಬ್ರಿಟಿಷ್ ನಂಬರು. ಒಂದು ನಂಬರಿಗೂ ಮುಂದಿನದಕ್ಕೂ ಉದ್ದದಲ್ಲಿ ಇಂಚಿನ ಮೂರರಲ್ಲೊಂದು ಭಾಗ, ಅಂದರೆ ಸುಮಾರು 8.5 ಮಿ.ಮೀ. ವ್ಯತ್ಯಾಸ. ಡಬ್ಬಿಯ ಮೇಲೆ 37, 38 ಎಂದು ಕಾಣುವ ಯುರೋಪಿನ ನಂಬರಿನಲ್ಲಿ ಈ ಅಂತರ 6.7 ಮಿ.ಮೀ. ಮಾತ್ರ. ಎರಡೂ ಸರಣಿಗಳ ಹೆಜ್ಜೆ ಒಂದೇ ಅಲ್ಲದ್ದರಿಂದ 4ಕ್ಕೆ 37, 5ಕ್ಕೆ 38, 6ಕ್ಕೆ 39 ಎಂದು ಹೊಂದುತ್ತ ಹೋಗಿ 7ಕ್ಕೆ ಬಂದಾಗ ಒಂದು ಕಂಪನಿಯವರು 40 ಎಂದೂ ಇನ್ನೊಬ್ಬರು 41 ಎಂದೂ ಬರೆಯುತ್ತಾರೆ. ಅಮೆರಿಕದ ಹೆಂಗಸರ ನಂಬರು ಬ್ರಿಟಿಷ್‌ಗಿಂತ ಹೆಚ್ಚುಕಡಿಮೆ ಎರಡು ಹೆಚ್ಚು. ಆನ್‌ಲೈನ್‌ನಲ್ಲಿ '7' ಎಂದು ಕಂಡದ್ದು ಯಾವ ದೇಶದ 7 ಎಂದು ನೋಡದೆ ತರಿಸಿಕೊಂಡರೆ ಎರಡು ನಂಬರು ಏರುಪೇರಾಗುತ್ತದೆ.

ಬ್ರಿಟಿಷ್ ಲೆಕ್ಕದಲ್ಲಿ 4 ನಂಬರಿನ ಫರ್ಮಾದ ಉದ್ದ ಸುಮಾರು 245 ಮಿ.ಮೀ., 5ರದು 254, 6ರದು 262. ಇದು ಕಾಲಿನ ಉದ್ದವಲ್ಲ. ಕಾಲಿನ ತುದಿಯಿಂದ ಮುಂದೆ 10ರಿಂದ 12 ಮಿ.ಮೀ. ಖಾಲಿ ಜಾಗ ಇರಲೇಬೇಕು. ಹೆಜ್ಜೆ ಮಡಚುವಾಗ ಪಾದ ಮುಂದಕ್ಕೆ ಸರಿಯುತ್ತದೆ, ಭಾರ ಬಿದ್ದಾಗ ಉದ್ದವೂ ಆಗುತ್ತದೆ. ಈಗ 232 ಮಿ.ಮೀ. ಉದ್ದದ ಕಾಲನ್ನು ತೆಗೆದುಕೊಳ್ಳಿ. ಹನ್ನೆರಡು ಸೇರಿಸಿದರೆ 244, ಆ ಕಾಲಿಗೆ 4 ನಂಬರು ಸರಿ. ಅದೇ 238 ಇದ್ದರೆ 250 ಬೇಕು. 4ರಲ್ಲಿ ಬೆರಳ ಮುಂದೆ ಉಳಿಯುವುದು 7 ಮಿ.ಮೀ., 5ರಲ್ಲಿ 16. ಒಂದು ಇಕ್ಕಟ್ಟು, ಇನ್ನೊಂದು ಸಡಿಲ. ಅರ್ಧ ನಂಬರು ಸಿಕ್ಕರೆ ಸಮಸ್ಯೆ ಬಗೆಹರಿಯುತ್ತದೆ, ಆದರೆ ಹೆಂಗಸರ ಬೂಟಿನಲ್ಲಿ ಅರ್ಧ ನಂಬರನ್ನು ಇಡುವ ಅಂಗಡಿ ನಮ್ಮೂರಲ್ಲಿ ಸಿಗುವುದೇ ಕಷ್ಟ. ಇಂಥವರು 5 ನಂಬರು ತೆಗೆದುಕೊಂಡು ಒಳಗಿನ ಜಾಗವನ್ನು ಕಡಿಮೆ ಮಾಡಿಕೊಳ್ಳಬೇಕು. ಅದು ಹೇಗೆ ಎಂಬುದನ್ನು ಮುಂದೆ ಬರೆದಿದ್ದೇವೆ. ಚೂಪು ಮುಂಭಾಗದ ಬೂಟಿಗೆ ಈ ಲೆಕ್ಕ ಹಿಡಿಯಬಾರದು. ಅದರ ತುದಿಯ ಉದ್ದ ಬರೀ ಅಂದಕ್ಕೆ, ಬೆರಳು ಅಲ್ಲಿಗೆ ಹೋಗುವುದೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ: ಮುಂದೆ ಬಿಗಿಯಾಯಿತು ಎಂದು ಒಂದು ನಂಬರು ದೊಡ್ಡದು ಕೊಳ್ಳುವುದು. ನಂಬರು ಒಂದು ಏರಿದರೆ ಗೆಣ್ಣಿನ ಸುತ್ತಳತೆ ಹೆಚ್ಚುವುದು ಬರೀ 5-6 ಮಿ.ಮೀ., ಉದ್ದ ಮಾತ್ರ 8.5 ಮಿ.ಮೀ. ಹೆಚ್ಚುತ್ತದೆ. ಹಿಮ್ಮಡಿಯ ಬಟ್ಟಲೂ ಅಗಲವಾಗುತ್ತದೆ. ಕಿರಿದಾದ ನಮ್ಮ ಹಿಮ್ಮಡಿ ಅದರಲ್ಲಿ ಅಲ್ಲಾಡುತ್ತದೆ, ಪಾದ ಮುಂದಕ್ಕೆ ಜಾರುತ್ತದೆ, ಕೊನೆಗೆ ಬಿಗಿ ತಪ್ಪಲೆಂದು ದೊಡ್ಡದು ಕೊಂಡರೂ ಬೆರಳು ಹೋಗಿ ತುದಿಗೆ ಬಡಿಯುತ್ತವೆ. ಇನ್ನೊಂದು ಕೇಡೂ ಇದೆ. ಅಟ್ಟೆ ಮಡಚುವ ಜಾಗವನ್ನು ಗೆಣ್ಣಿನ ನೇರಕ್ಕೆ ಇಟ್ಟು ಬೂಟು ಕಟ್ಟಿರುತ್ತಾರೆ. ದೊಡ್ಡ ನಂಬರಿನಲ್ಲಿ ಆ ಜಾಗ ಮುಂದೆ ಹೋಗಿ ಬೂಟು ಒಂದು ಕಡೆ, ಕಾಲು ಇನ್ನೊಂದು ಕಡೆ ಮಡಚುತ್ತದೆ. ಅಗಲ ಬೇಕಿದ್ದರೆ ಅಗಲವನ್ನೇ ಕೇಳಬೇಕು. ಬ್ರಿಟಿಷ್ ಪದ್ಧತಿಯಲ್ಲಿ ಹೆಂಗಸರ ಸಾಮಾನ್ಯ ಅಗಲಕ್ಕೆ 'ಡಿ', ಅಗಲದ್ದಕ್ಕೆ 'ಇ', ಇನ್ನೂ ಅಗಲಕ್ಕೆ 'ಇಇ' ಎಂಬ ಗುರುತು. ಡಬ್ಬಿಯ ಚೀಟಿಯ ಮೇಲೆ ನಂಬರಿನ ಪಕ್ಕದಲ್ಲಿ ಅದಿದೆಯೇ ನೋಡಿ. ಇರದಿದ್ದರೆ ಒಂದೇ ಅಗಲದ ಮಾಲು ಎಂದು ತಿಳಿಯಿರಿ.

ಅಳತೆ ತೆಗೆಯುವುದು ಮನೆಯಲ್ಲಿಯೇ ಆಗುತ್ತದೆ. ಕಾಲು ದಿನವಿಡೀ ಸ್ವಲ್ಪ ಸ್ವಲ್ಪ ಬಾಯುವುದರಿಂದ ಸಂಜೆ ಅಳೆಯಬೇಕು. ನಸುಕಿನ ಥಂಡಿಯಲ್ಲಿ ಕಾಲು ಮುದುಡಿರುತ್ತದೆ, ಆಗ ಅಳೆದು ಕೊಂಡದ್ದು ಮಧ್ಯಾಹ್ನಕ್ಕೆ ಕಚ್ಚುತ್ತದೆ. ಗೋಡೆಗೆ ತಾಗಿಸಿ ನೆಲದ ಮೇಲೆ ಕಾಗದ ಇಟ್ಟು, ಹಿಮ್ಮಡಿಯನ್ನು ಗೋಡೆಗೆ ಮುಟ್ಟಿಸಿ, ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ನಿಲ್ಲಬೇಕು. ಕುಂತು ಅಳೆದರೆ ಉದ್ದ, ಅಗಲ ಎರಡೂ ಕಡಿಮೆ ಬರುತ್ತವೆ. ನಿಂತವರೇ ಬಾಗಿ ಗುರುತು ಹಾಕಿದರೆ ಭಾರ ಸರಿದು ಅಳತೆ ಕೆಡುತ್ತದೆ, ಬೇರೆಯವರಿಂದ ಹಾಕಿಸಿ. ಪೆನ್ಸಿಲ್ ನೆಟ್ಟಗೆ ಹಿಡಿದು ಎಲ್ಲಕ್ಕಿಂತ ಮುಂದಿರುವ ಬೆರಳಿನ ತುದಿಗೆ ಗುರುತು ಬೀಳಬೇಕು. ಎಷ್ಟೋ ಜನರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳೇ ಉದ್ದ. ಆಮೇಲೆ ಹೊಲಿಗೆಯವರ ಟೇಪಿನಿಂದ ಹೆಬ್ಬೆರಳು, ಕಿರುಬೆರಳಿನ ಬುಡದ ಗೆಣ್ಣುಗಳನ್ನು ಬಳಸಿ ಸುತ್ತಳತೆ ತೆಗೆಯಿರಿ. ಟೇಪು ತಾಗಿರಬೇಕು, ಬಿಗಿಯಬಾರದು. ಎರಡೂ ಕಾಲಿನ ಅಳತೆ ಮಿಲಿಮೀಟರಿನಲ್ಲಿ ಬರೆದಿಡಿ. ಸ್ವಲ್ಪವಾದರೂ ಹೆಚ್ಚುಕಡಿಮೆ ಇರುವುದು ಸಹಜ. ಕೊಳ್ಳುವುದು ದೊಡ್ಡ ಕಾಲಿಗೆ, ಪ್ಯಾಡ್ ಹಾಕುವುದು ಸಣ್ಣ ಕಾಲಿಗೆ.

ನಮ್ಮ ಹೆಣ್ಣುಮಕ್ಕಳ ಕಾಲಿಗೆ ಕಾಲುಂಗುರವಿದೆ, ಕಾಲುಚೈನಿದೆ. ಹೊರಗಿನ ಫರ್ಮಾ ಮಾಡುವವರು ಇದನ್ನು ಎಣಿಕೆಗೆ ತೆಗೆದುಕೊಂಡಿರುವುದಿಲ್ಲ. ಕಾಲುಂಗುರ ಬೆರಳಿನ ಮೇಲೂ ಅಕ್ಕಪಕ್ಕಕ್ಕೂ ಎರಡು-ಮೂರು ಮಿ.ಮೀ. ಜಾಗ ತಿನ್ನುತ್ತದೆ. ಮುಂಭಾಗ ತಗ್ಗಿದ್ದರೆ ಉಂಗುರ ಪಕ್ಕದ ಬೆರಳಿಗೆ ಒತ್ತಿ ಅಲ್ಲಿ ಗಾಯವಾಗುತ್ತದೆ. ಹಾಗಾಗಿ ಉಂಗುರ ಹಾಕಿಕೊಂಡೇ ಅಳೆಯಬೇಕು, ಹಾಕಿಕೊಂಡೇ ಬೂಟು ನೋಡಬೇಕು. ಬೂಟನ್ನು ಪಕ್ಕದಿಂದ ನೋಡಿದಾಗ ಬೆರಳ ಭಾಗ ಚಪ್ಪಟೆಯಾಗಿರದೆ ದುಂಡಗೆ ಎದ್ದಿರಬೇಕು. ಮೊಗ್ಗಿನ ಕೆತ್ತನೆಯ ಉಂಗುರವಿದ್ದರೆ ಒಳಗಿನ ಅಸ್ತರು ಹೆಣೆದ ಬಟ್ಟೆಯದಾಗಿರಬಾರದು, ಎಳೆ ಸಿಕ್ಕಿ ಕಿತ್ತು ಬರುತ್ತದೆ. ಕಾಲುಚೈನು ಬೂಟಿನ ಬಾಯಿಯ ಅಂಚಿಗೆ ಸಿಗುವುದೂ ಹೀಗೆಯೇ. ಹರಡಿನ ಗೆಣ್ಣಿಗಿಂತ ಕೆಳಗೆ ನಿಲ್ಲುವ ಬಾಯಿ, ಅಂಚಿಗೆ ಮೆತ್ತೆ ಮಡಿಸಿ ಹೊಲಿದದ್ದು ಇದಕ್ಕೆ ವಾಸಿ. ಇನ್ನು ಕಾಲುಚೀಲ. ಚಪ್ಪಲಿಗೆಂದು ಹೆಬ್ಬೆರಳು ಬೇರೆ ಮಾಡಿ ಹೆಣೆದ ಚೀಲವನ್ನು ಬೂಟಿನೊಳಗೆ ಹಾಕಿದರೆ ಬೆರಳ ಸಂದಿಯಲ್ಲಿ ಹೊಲಿಗೆ ಒತ್ತುತ್ತದೆ. ಸಾದಾ ಚೀಲವೇ ಒಳ್ಳೆಯದು. ದಪ್ಪ ಉಣ್ಣೆಯದಾದರೆ ಅರ್ಧ ನಂಬರಿನಷ್ಟು ಜಾಗ ಅದಕ್ಕೇ ಹೋಗುತ್ತದೆ. ಮುಂದೆ ಹಾಕಿಕೊಳ್ಳಲಿರುವ ಚೀಲವನ್ನು ಅಂಗಡಿಗೆ ಒಯ್ಯದೆ ಬೂಟು ನೋಡುವುದು ವ್ಯರ್ಥ.

ಅಂಗಡಿಯಲ್ಲಿ ಎರಡೂ ಕಾಲಿಗೆ ಹಾಕಿ ನಿಲ್ಲಿ. ಬೆರಳ ಮುಂದಿನ ಜಾಗ ನೋಡಲು ಸುಲಭ ದಾರಿ: ಒಳಗಿನ ಬಿಡಿ ಅಟ್ಟೆ ಹೊರಗೆ ಬರುವಂತಿದ್ದರೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಂತುಬಿಡಿ. ಮುಂದೆ ಹೆಬ್ಬೆರಳ ಅರ್ಧ ಅಗಲ ಉಳಿಯಬೇಕು, ಪಕ್ಕಕ್ಕೆ ಕಾಲು ಅಟ್ಟೆಯ ಅಂಚು ದಾಟಬಾರದು. ಕಿರುಬೆರಳು ಹೊರಗೆ ಚಾಚಿದರೆ ಆ ಬೂಟು ಎಷ್ಟೇ ಚೆಂದವಿರಲಿ ಬಿಟ್ಟುಬಿಡಿ. ನಂತರ ಬೂಟು ಹಾಕಿ ನಡೆಯಿರಿ. ಅಂಗಡಿಯ ಜಮಖಾನದ ಮೇಲೆ ಎಲ್ಲವೂ ಮೆತ್ತಗೆ ಅನಿಸುತ್ತದೆ, ಗಟ್ಟಿ ನೆಲದ ಮೇಲೆ ನಡೆಯಬೇಕು. ಹೊಸ ಬೂಟಿನಲ್ಲಿ ಹಿಮ್ಮಡಿ 4-5 ಮಿ.ಮೀ. ಏಳುವುದು ದೋಷವಲ್ಲ, ಅಟ್ಟೆ ಪಳಗಿದಂತೆ ಅದು ಕಡಿಮೆಯಾಗುತ್ತದೆ. ಒಂದು ಬೆರಳು ತೂರುವಷ್ಟು ಎದ್ದರೆ ಅದು ಸರಿಹೋಗುವುದಿಲ್ಲ. ಮೆಟ್ಟಿಲಿದ್ದರೆ ಇಳಿದು ನೋಡಿ. ಇಳಿಯುವಾಗ ಬೆರಳು ತುದಿಗೆ ಬಡಿದರೆ ಪಾದದ ಮೇಲ್ಭಾಗದ ಹಿಡಿತ ಸಾಲದು ಎಂದರ್ಥ. ಹಿಂಬದಿಯ ಬಟ್ಟಲನ್ನು ಹೆಬ್ಬೆರಳಿಂದ ಒತ್ತಿ ನೋಡುವುದನ್ನು ಮರೆಯಬೇಡಿ. ರಟ್ಟು ಹಾಕಿದ್ದರೆ ಕುಸಿದು ನೆರಿಗೆ ಬೀಳುತ್ತದೆ, ಒಳ್ಳೆಯದಿದ್ದರೆ ಮಣಿದು ತಕ್ಷಣ ನೆಟ್ಟಗಾಗುತ್ತದೆ. ಅವಸರದಲ್ಲಿ ಹಿಂಬದಿ ತುಳಿದು ಕಾಲು ತೂರಿಸುವ ರೂಢಿ ನಮ್ಮಲ್ಲಿ ಬಹಳ. ರಟ್ಟಿನ ಬಟ್ಟಲು ಹಾಗೆ ನಾಲ್ಕು ಸಲ ತುಳಿದರೆ ಮುಗಿಯಿತು. ಬೂಟು ಬಿಡುವ ಜಾಗದಲ್ಲಿ ಒಂದು ಉದ್ದ ಹಿಡಿಕೆಯ ಶೂ ಹಾರ್ನ್ ತೂಗುಹಾಕಿದರೆ ಹಿರಿಯರಿಗೂ ಬಾಗುವುದು ತಪ್ಪುತ್ತದೆ, ಬೂಟೂ ಬಾಳುತ್ತದೆ.

ಬೆಚ್ಚಗಿರಲೆಂದು ಉದ್ದ ಕೂದಲಿನ ನಯವಾದ ಅಸ್ತರು ನೋಡಿ ಮನಸೋಲುವವರು ಒಂದು ತಿಳಿದಿರಬೇಕು. ಅದು ಬಹುಪಾಲು ಪಾಲಿಯೆಸ್ಟರು. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಭಾಗದಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಪಾಲಿಯೆಸ್ಟರು ನೂರಕ್ಕೆ ಒಂದರಷ್ಟನ್ನೂ ಹೀರದು. ಹತ್ತು ಗಂಟೆಯ ಬಿಸಿಲಿಗೆ ಬೆವರಿದ ಕಾಲು ಒದ್ದೆಯಾಗಿಯೇ ಉಳಿದು, ಸಂಜೆ ಥಂಡಿ ಬಿದ್ದಾಗ ಇನ್ನಷ್ಟು ತಣ್ಣಗಾಗುತ್ತದೆ. ವಾಸನೆ, ಬೆರಳ ಸಂದಿಯ ತುರಿಕೆ ಅದರ ಹಿಂದೆಯೇ ಬರುತ್ತವೆ. ಗದಗ, ನವಲಗುಂದ ಕಡೆಯ ಎರೆ ಮಣ್ಣಿನ ಧೂಳು ಆ ಕೂದಲಿನೊಳಗೆ ಸೇರಿದರೆ ಝಾಡಿಸಿದರೂ ಬರುವುದಿಲ್ಲ. ಮೇಲಾಗಿ ಈ ಅಸ್ತರು ಮೊದಲ ತಿಂಗಳಲ್ಲೇ ಅಮರಿ ಚಪ್ಪಟೆಯಾಗುತ್ತದೆ. ಅಂಗಡಿಯಲ್ಲಿ ಹಿತವಾಗಿ ತಬ್ಬಿದ ಬೂಟು ಸಂಕ್ರಾಂತಿ ಹೊತ್ತಿಗೆ ಸಡಿಲವಾಗುವುದು ಇದರಿಂದಲೇ. ಕೂದಲಿನ ಅಸ್ತರಿನದನ್ನೇ ಕೊಳ್ಳುವುದಾದರೆ ಪಾದದ ಮೇಲೂ ಹಿಮ್ಮಡಿಯಲ್ಲೂ ತುಸು ಬಿಗಿಯೇ ಇರಲಿ, ಬೆರಳ ಭಾಗದಲ್ಲಿ ಬೇಡ. ನಮ್ಮ ಹವೆಗೆ ಇದಕ್ಕಿಂತ ಒಳ್ಳೆಯದು ತೆಳು ಉಣ್ಣೆ ಫೆಲ್ಟಿನ (ಉಣ್ಣೆ ಒತ್ತಿ ಮಾಡಿದ ಬಟ್ಟೆಯ) ಇಲ್ಲವೇ ಹತ್ತಿ ಅಸ್ತರಿನ ಬೂಟು, ಜೊತೆಗೆ ತೆಗೆಯಬಹುದಾದ ಫೆಲ್ಟಿನ ಒಳ ಅಟ್ಟೆ. ಪರಸಿಯ ಥಂಡಿ ಕಾಲಿಗೆ ಏರುವುದು ಕೆಳಗಿನಿಂದ. ಆದ್ದರಿಂದ ಮೇಲಿನ ತುಪ್ಪಳಕ್ಕಿಂತ ಕೆಳಗಿನ ಫೆಲ್ಟು ಹೆಚ್ಚು ಕೆಲಸ ಮಾಡುತ್ತದೆ. ಅದನ್ನು ಎರಡು ದಿನಕ್ಕೊಮ್ಮೆ ತೆಗೆದು ಬಿಸಿಲಿಗೆ ಹಾಕಬಹುದು ಎನ್ನುವುದು ಇನ್ನೊಂದು ಲಾಭ. ಹಿಮ್ಮಡಿ ಒಡೆದವರು ಹಿಂಬದಿ ತೆರೆದ ನಮೂನೆ ಕೊಳ್ಳಬಾರದು. ಒಣಗಾಳಿಗೆ ಬಿರುಕು ಇನ್ನಷ್ಟು ಬಾಯಿ ಬಿಡುತ್ತದೆ.

ಅಟ್ಟೆಯ ವಿಷಯದಲ್ಲಿ ಗಿರಾಕಿಗಳು ಕೇಳುವುದೇ ಕಡಿಮೆ. ನಮಗೆ ಅತಿ ಹೆಚ್ಚು ರಿಪೇರಿ ಬರುವುದು ಮಾತ್ರ ಅಲ್ಲಿಂದಲೇ. ಪಿವಿಸಿ ಅಟ್ಟೆ ಅಗ್ಗ, ಆದರೆ ಭಾರ. ಥಂಡಿಗೆ ಗಟ್ಟಿಯಾಗಿ, ನಯಗೊಳಿಸಿದ ನೆಲದ ಮೇಲೆ ಜಾರುತ್ತದೆ. ಇವಿಎ, ಅಂದರೆ ಸ್ಪಂಜಿನಂಥ ಫೋಮು, ಹಗುರ, ಮೆತ್ತಗೆ, ಆದರೆ ಭಾರ ಬೀಳುವಲ್ಲಿ ಅಮರಿ ಒಂದೇ ಬದಿಗೆ ಸವೆಯುತ್ತದೆ. ರಬ್ಬರು, ರಬ್ಬರಿನಂತೆ ಬಾಗುವ ಪ್ಲಾಸ್ಟಿಕ್ಕಾದ ಟಿಪಿಆರ್ ನಡಿಗೆಗೆ ಭರವಸೆಯವು. ಹಗುರವೂ ಮೆತ್ತಗೂ ಬಾಳಿಕೆಯೂ ಎಂದು ಎಲ್ಲರೂ ಹೊಗಳುವ ಪಿಯು (ಪಾಲಿಯುರೆಥೇನ್) ಅಟ್ಟೆಯ ಬಗ್ಗೆ ಮಾತ್ರ ಎಚ್ಚರಿಕೆ ಹೇಳಲೇಬೇಕು. ಗಾಳಿಯಲ್ಲಿರುವ ತೇವ ಪಿಯುವಿನ ಕಟ್ಟನ್ನು ನಿಧಾನವಾಗಿ ಒಡೆಯುತ್ತದೆ. ಬೂಟು ಹಾಕಿದರೂ ಹಾಕದಿದ್ದರೂ ಇದು ನಡೆದೇ ಇರುತ್ತದೆ. ಮೂರು, ನಾಲ್ಕು, ಐದು ವರ್ಷಕ್ಕೆ ಅಟ್ಟೆ ಮೊದಲು ಜಿಗುಟಾಗಿ, ಮಡಚುವಲ್ಲಿ ಬಿರುಕು ಬಿಟ್ಟು, ಒಂದು ದಿನ ನಡೆಯುತ್ತಿರುವಾಗಲೇ ತುಂಡು ತುಂಡಾಗಿ ಉದುರುತ್ತದೆ. ಥಂಡಿ ಬೂಟಿಗೆ ಇದು ವಿಶೇಷವಾಗಿ ತಟ್ಟುತ್ತದೆ, ಏಕೆಂದರೆ ವರ್ಷಕ್ಕೆ ಎರಡು ತಿಂಗಳು ಹಾಕಿ ಹತ್ತು ತಿಂಗಳು, ಅದರಲ್ಲಿ ಇಡೀ ಮಳೆಗಾಲ, ಅದು ಮೂಲೆಯಲ್ಲಿ ಕೂತಿರುತ್ತದೆ. 'ಹೊಸಾದರಂಗೇ ಇತ್ತು, ಹೆಂಗ ಹರೀತು?' ಎಂದು ಜನ ಕೇಳುವುದು ಇಂಥ ಬೂಟನ್ನು ಕೈಯಲ್ಲಿ ಹಿಡಿದೇ. ಹಾಗಾಗಿ ಡಬ್ಬಿಯ ಮೇಲಿನ ತಯಾರಿಕೆಯ ತಿಂಗಳು, ವರ್ಷವನ್ನು ಔಷಧದ ಬಾಟಲಿಯ ಮೇಲೆ ನೋಡುವಷ್ಟೇ ಕಾಳಜಿಯಿಂದ ನೋಡಿ. ಸೇಲಿನಲ್ಲಿ ಅರ್ಧ ಬೆಲೆಗೆ ಸಿಗುವ ಪಿಯು ಬೂಟು ಮೂರು ವರ್ಷ ಹಳೆಯದಾಗಿದ್ದರೆ ಅದು ಅಗ್ಗವಲ್ಲ. ಅಟ್ಟೆಯ ಅಂಚಿಗೆ ಉಗುರು ಒತ್ತಿ ನೋಡಿದಾಗ ಗುರುತು ಹಾಗೇ ಉಳಿದರೆ ಅಥವಾ ಪುಡಿ ಕೈಗೆ ಬಂದರೆ ಕೊಳ್ಳಬೇಡಿ. ಮನೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟರೆ ತೇವ ಒಳಗೇ ಉಳಿಯುತ್ತದೆ. ಪೂರ್ತಿ ಒಣಗಿಸಿ, ಒಳಗೆ ಪೇಪರು ತುರುಕಿ, ಹತ್ತಿಯ ಚೀಲದಲ್ಲಿ ಕಪಾಟಿನ ಮೇಲಿನ ಖಾನೆಯಲ್ಲಿ ಇಡಿ. ಅಟ್ಟೆ ಉದುರಿದರೂ ಮೇಲಿನ ಭಾಗ ಗಟ್ಟಿಯಿದ್ದರೆ ಎಸೆಯಬೇಡಿ. ಹಳೆಯದನ್ನು ಪೂರ್ತಿ ಕೆರೆದು ರಬ್ಬರು ಅಟ್ಟೆ ಅಂಟಿಸಿ ಸುತ್ತ ಹೊಲಿದುಕೊಡಲು ಬರುತ್ತದೆ.

ಕೊಂಡಾಗಿದೆ, ಸಡಿಲವಾಗಿದೆ ಎನ್ನುವವರು ಮೊದಲು ಹಿಂಬದಿಗೆ ಅಂಟಿಸುವ ಪಟ್ಟಿ ತರುತ್ತಾರೆ. ಅದು ಎರಡನೇ ಉಪಾಯವಾಗಬೇಕು. ಹಿಂಬದಿಯ ಪಟ್ಟಿ ಕಾಲನ್ನು ಮುಂದಕ್ಕೆ ತಳ್ಳಿ ಬೆರಳ ಜಾಗವನ್ನು ಎರಡು-ಮೂರು ಮಿ.ಮೀ. ತಿನ್ನುತ್ತದೆ. ಮೊದಲು ಮಾಡಬೇಕಾದದ್ದು ಬೂಟಿನ ಬಾಯಿಯ ಒಳಮೈಗೆ, ಪಾದದ ಉಬ್ಬು ತಾಗುವಲ್ಲಿ, 3 ಮಿ.ಮೀ. ದಪ್ಪದ ಫೆಲ್ಟ್ ಅಥವಾ ಸ್ಪಂಜಿನ ಪ್ಯಾಡ್ ಅಂಟಿಸುವುದು. ಅದು ಕಾಲನ್ನು ಹಿಂದಕ್ಕೆ ಒತ್ತಿ ಹಿಮ್ಮಡಿಯನ್ನು ಬಟ್ಟಲಿನಲ್ಲಿ ಕೂರಿಸುತ್ತದೆ. ಸಾಲದಿದ್ದರೆ ಇಡೀ ಉದ್ದದ 3 ಮಿ.ಮೀ. ಒಳ ಅಟ್ಟೆ ಹಾಕಿ. ಮೇಲೆ ಹೇಳಿದ 238 ಮಿ.ಮೀ. ಕಾಲಿಗೆ 5 ನಂಬರಿನ ಬೂಟು ಈ ಎರಡರಿಂದ ಚೆನ್ನಾಗಿ ಕೂರುತ್ತದೆ. ಮುಂದೆ ಬಿಗಿಯಿದ್ದರೆ, ಬೂಟು ನಿಜವಾದ ಚರ್ಮದ್ದಾದರೆ, ಮರದ ಅಚ್ಚು ಹಾಕಿ ಒಂದೆರಡು ರಾತ್ರಿ ಬಿಟ್ಟು ಗೆಣ್ಣಿನ ಜಾಗದಲ್ಲಿ ಮೂರು-ನಾಲ್ಕು ಮಿ.ಮೀ. ಹಿಗ್ಗಿಸಬಹುದು. ಹೆಬ್ಬೆರಳ ಬುಡದಲ್ಲಿ ಗಂಟು ಇರುವವರಿಗೆ ಅಷ್ಟೇ ಜಾಗದಲ್ಲಿ ಉಬ್ಬು ತೆಗೆಯುವ ಇಕ್ಕಳವೂ ಉಂಟು. ರೆಕ್ಸಿನ್ ಹಿಗ್ಗುವುದಿಲ್ಲ. ಬಿಸಿ ಮಾಡಿ ಎಳೆದರೆ ಮೇಲ್ಪದರ ಸೀಳುತ್ತದೆ. 'ಹಾಕ್ಕೋತ ಹೋದ್ರ ಸಡ್ಲ ಆಗ್ತೈತಿ' ಎಂಬ ಅಂಗಡಿಯ ಮಾತು ಚರ್ಮಕ್ಕೆ ಅಗಲದಲ್ಲಿ ಮಾತ್ರ ನಿಜ. ಉದ್ದದಲ್ಲಿ ಯಾವ ಬೂಟೂ ಬೆಳೆಯದು. ಬದಿಯ ಎಲಾಸ್ಟಿಕ್ ಜೋತುಬಿದ್ದರೆ ಬಿಚ್ಚಿ ಹೊಸದು ಹೊಲಿಸಿ, ಬೂಟು ಮತ್ತೆ ಮೊದಲಿನಂತೆ ಹಿಡಿಯುತ್ತದೆ.

ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಡಿಮೆಯಾದವರಿಗೆ ಬಿಗಿ-ಸಡಿಲದ ಅರಿವು ಕಾಲಿನಿಂದ ಸಿಗುವುದಿಲ್ಲ. ಅವರು ಅಳತೆಯನ್ನೇ ನಂಬಬೇಕು. ಒಳಗೆ ದಪ್ಪ ಹೊಲಿಗೆಯಿಲ್ಲದ್ದನ್ನು ಆರಿಸಿ, ಮೊದಮೊದಲು ಅರ್ಧ ತಾಸು ಹಾಕಿ ತೆಗೆದು ಕೆಂಪಾಗಿದೆಯೇ ಎಂದು ಕಣ್ಣಿಂದ ನೋಡಬೇಕು, ವೈದ್ಯರನ್ನೂ ಕೇಳಬೇಕು. ಹೊರಗೆ ಬಿಟ್ಟ ಮುಚ್ಚಿದ ಬೂಟನ್ನು ಕೊಡವದೆ ಯಾರೂ ಹಾಕಬಾರದು. ಹೊಲಮನೆಯವರಿಗೆ ಚೇಳಿನ ಭಯ ಹೇಳಿಕೊಡಬೇಕಿಲ್ಲ.

ಅಂಗಡಿಕಾರ ಬಂಧುಗಳಲ್ಲಿ ನಮ್ಮ ವಿನಂತಿ ಇದು. ಕಾಲಿನ ಉದ್ದ-ಅಗಲ ಅಳೆಯುವ ಒಂದು ಪಟ್ಟಿ, ಒಂದು ಟೇಪು, ಗಟ್ಟಿ ನೆಲದ ನಾಲ್ಕು ಹೆಜ್ಜೆ ಜಾಗ ಪ್ರತಿ ಅಂಗಡಿಯಲ್ಲೂ ಇರಲಿ. ಮಾಲು ತರಿಸುವಾಗ ಬಣ್ಣ ಎಂಟು ಬಗೆ ತರಿಸುವ ಬದಲು ನಾಲ್ಕು ಬಗೆ ತರಿಸಿ ಅಗಲದ್ದನ್ನೂ ಕೇಳಿ. ಕೇಳಿಕೆ ಹೋಗದ ಹೊರತು ಕಾರ್ಖಾನೆಯವರು ಮಾಡುವುದಿಲ್ಲ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿದವು, ಧಾರವಾಡ ಅವುಗಳಲ್ಲೊಂದು. ಕಾಗದದ ಮೇಲೆ ಕಾಲಿಟ್ಟು ಗೆರೆ ಎಳೆದು ಅಳತೆಗೆ ತಕ್ಕಂತೆ ಹೊಲಿಯುವ ಕೈಗಳು ಈ ಜಿಲ್ಲೆಯಲ್ಲಿ ಇನ್ನೂ ಇವೆ. ಅಗಲ ಮುಂಗಾಲು, ಕಿರಿದಾದ ಹಿಮ್ಮಡಿಯ ಫರ್ಮಾ ಒದಗಿಸಿ ಅವರಿಂದಲೇ ಹೆಣ್ಣುಮಕ್ಕಳ ಥಂಡಿ ಬೂಟು ಕಟ್ಟಿಸುವ ಕೆಲಸವನ್ನು ರಾಜ್ಯದ ಚರ್ಮ ಕೈಗಾರಿಕಾ ನಿಗಮ ಲಿಡ್ಕರ್ ಕೈಗೆತ್ತಿಕೊಂಡರೆ ಗಿರಾಕಿಗೂ ಕುಶಲಕರ್ಮಿಗೂ ಒಳಿತು.

ಕೊನೆಯದಾಗಿ ರಸೀದಿ. 'ಮಾರಿದ ಮಾಲು ವಾಪಸ್ ಇಲ್ಲ' ಎಂಬ ಬೋರ್ಡು ಕಂಡು ಗಿರಾಕಿ ಸುಮ್ಮನಾಗಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ರಸೀದಿ ಕೊಡದಿರುವುದು, ದೋಷವಿರುವ ಮಾಲನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸು ಪಡೆಯಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಅಟ್ಟೆ ಬಿಟ್ಟಿತು, ಹೊಲಿಗೆ ಹರಿಯಿತು, ಜೋಡಿಯಲ್ಲಿ ಎರಡು ಬೇರೆ ನಂಬರು ಬಂತು ಎಂಬುವು ದೋಷಗಳು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಬಹುದು. ಬರೀ ಅಳತೆ ಹೊಂದಲಿಲ್ಲ ಎನ್ನುವುದು ದೋಷದ ಲೆಕ್ಕಕ್ಕೆ ಬಾರದು. ಅದಕ್ಕೆ ಬದಲಿ ಕೊಡುವುದು ಅಂಗಡಿಯವರ ಒಪ್ಪಿಗೆಗೆ ಬಿಟ್ಟದ್ದು. ಆದ್ದರಿಂದ 'ಹೊರಗೆ ಹಾಕದಿದ್ದರೆ ಏಳು ದಿನದೊಳಗೆ ನಂಬರು ಬದಲಿಸಿ ಕೊಡಲಾಗುವುದು' ಎಂಬ ಸಾಲನ್ನು ದುಡ್ಡು ಕೊಡುವ ಮೊದಲೇ ರಸೀದಿಯ ಮೇಲೆ ಬರೆಸಿಕೊಳ್ಳಿ. ಮನೆಗೆ ಒಯ್ದು ಮೂರು ದಿನ ಸಂಜೆ ಹೊತ್ತು ಮನೆಯೊಳಗಷ್ಟೇ, ತೊಳೆದು ಒಣಗಿದ ನೆಲದ ಮೇಲೆ, ಅರ್ಧ ಅರ್ಧ ತಾಸು ಹಾಕಿ ನೋಡಿ. ಡಬ್ಬಿ, ಚೀಟಿ ಅಲ್ಲಿಯವರೆಗೆ ಎಸೆಯಬೇಡಿ.

ಇಂತಿ,
ಪಾದರಕ್ಷೆ ಹೊಲಿಗೆ, ಮಾರಾಟ ಹಾಗೂ ರಿಪೇರಿ ಕೆಲಸದಲ್ಲಿರುವ ಓದುಗರು,
ಹುಬ್ಬಳ್ಳಿ-ಧಾರವಾಡ